ಬರಿಗಾಲು ಮತ್ತು ಕೊಕ್ಕೆಹುಳು

ತರಗತಿಯಲ್ಲಿ ಸದಾ ತೂಕಡಿಸುವ ಬಾಲಕನನ್ನು ಸೋಮಾರಿಯೆಂದು ಜರೆಯುವುದು ಸುಲಭ. ಉಪಾಧ್ಯಾಯನಾಗಿದ್ದಾಗ ನಾನೂ ಹಾಗೆ ಜರೆದವನೇ. ಆತನ ಕಣ್ಣುರೆಪ್ಪೆಯ ಒಳಭಾಗವು ಬಿಳಿಚಿಕೊಂಡಿದೆಯೇ ಎಂದು ನೋಡಬೇಕೆಂಬುದು ಆಗ ನನಗೆ ಹೊಳೆಯಲಿಲ್ಲ. ಇಂತಹ ಬಳಲಿಕೆಗೆ ಕೆಲವೊಮ್ಮೆ ಕೊಕ್ಕೆಹುಳುವೇ ಕಾರಣವಾಗಿರುತ್ತದೆ.

ಈ ಹುಳು ದೇಹವನ್ನು ಸೇರುವ ಬಗೆ ವಿಚಿತ್ರವಾದುದು. ರೋಗವಿದ್ದವರು ಬಯಲಿನಲ್ಲಿ ಮಲವಿಸರ್ಜನೆ ಮಾಡಿದಾಗ ಹೊರಬೀಳುವ ತತ್ತಿಗಳು, ತೇವವೂ ನೆರಳೂ ಉಳ್ಳ ಮಣ್ಣಿನಲ್ಲಿ ಒಡೆದು ಮರಿಗಳಾಗುತ್ತವೆ. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಈ ಮರಿಗಳು ಬರಿಗಾಲಿನ ಚರ್ಮವನ್ನು ಕೊರೆದು ಒಳಹೊಗುತ್ತವೆ. ಆ ಸ್ಥಳದಲ್ಲಿ ತುರಿಕೆಯುಂಟಾಗುವುದುಂಟು. ಬಳಿಕ ರಕ್ತದೊಡನೆ ಹರಿದು ಶ್ವಾಸಕೋಶವನ್ನು ಮುಟ್ಟಿ, ಗಂಟಲಿಗೇರಿ, ನುಂಗಿದ ಉಗುಳಿನೊಡನೆ ಸಣ್ಣ ಕರುಳಿಗೆ ಇಳಿಯುತ್ತವೆ. ಅಲ್ಲಿ ಸುಮಾರು 1 ಸೆಂಟಿಮೀಟರ್ ಉದ್ದಕ್ಕೆ ಬೆಳೆದು, ಕರುಳಿನ ಗೋಡೆಯನ್ನು ಕಚ್ಚಿಕೊಂಡು ವರ್ಷಗಟ್ಟಲೆ ರಕ್ತ ಹೀರುತ್ತವೆ. ರಕ್ತಹೀನತೆ, ಆಯಾಸ, ಪಾಠದಲ್ಲಿ ನಿರಾಸಕ್ತಿ ಇವೆಲ್ಲ ಅದರ ಫಲ.

ಗುಣಪಡಿಸುವುದು ಕಷ್ಟವಲ್ಲ. 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆಗಳಲ್ಲಿ ಆಲ್ಬೆಂಡಜೋಲ್ ಮಾತ್ರೆಯನ್ನು ಉಚಿತವಾಗಿ ಕೊಡುತ್ತಾರೆ. ನಿಮ್ಮ ವಯಸ್ಸಿನವರಿಗೆ 400 ಮಿಲಿಗ್ರಾಂ. ಅದನ್ನು ಅಗಿದು ನುಂಗಬೇಕು. ಆದರೆ ಮಾತ್ರೆಯು ಕರುಳಿನಲ್ಲಿರುವ ಹುಳುಗಳನ್ನು ಕೊಲ್ಲುವುದೇ ಹೊರತು ಮಣ್ಣಿನಲ್ಲಿರುವ ಮರಿಗಳನ್ನಲ್ಲ. ಮರುದಿನವೇ ಅದೇ ಹೊಲಸು ನೆಲದಲ್ಲಿ ಬರಿಗಾಲಿನಿಂದ ನಡೆದವನಿಗೆ ರೋಗವು ಮತ್ತೆ ಅಂಟಬಹುದು. ಆದುದರಿಂದ ಕಾಲಿಗೆ ಚಪ್ಪಲಿ ಬೇಕು. ಅದಕ್ಕಿಂತ ಮೊದಲು, ಮನೆಯವರೆಲ್ಲರೂ ಶೌಚಾಲಯವನ್ನೇ ಬಳಸಬೇಕು. ಹುಳು ಸತ್ತೊಡನೆ ಕಳೆದುಹೋದ ರಕ್ತವು ಮರಳಿ ಬರುವುದಿಲ್ಲ. ಸೊಪ್ಪು, ಕಾಳು, ರಾಗಿಯ ಜೊತೆಗೆ ವೈದ್ಯರು ಹೇಳಿದರೆ ಕಬ್ಬಿಣಾಂಶದ ಮಾತ್ರೆಯನ್ನೂ ಕೆಲವು ತಿಂಗಳು ಸೇವಿಸಬೇಕಾಗುತ್ತದೆ.