ಅಮ್ಮನ ಮಿಷನ್, ನಮ್ಮ ಸ್ಟೈಲ್

ಬೆಳಗಿನ ತಿಂಡಿ, ಡಬ್ಬಿ, ಮಕ್ಕಳ ಸ್ಕೂಲ್ ವ್ಯಾನು ಎಲ್ಲ ಮುಗಿದು ಸಂಜೆ ಯಾರದೋ ಮನೆಯ ಪೂಜೆಗೆ ಹೊರಡಬೇಕು. ಬೀರು ಬಾಗಿಲು ತೆಗೆದು ನಿಂತಿದ್ದೀರಿ. ಮೇಲಿನ ಖಾನೆ ತುಂಬ ಸೀರೆ, ನಡುವೆ ಚೂಡಿದಾರ್, ಕೆಳಗೆ ಕುರ್ತಾಗಳ ಗುಡ್ಡ. ಆದರೂ ಬಾಯಿಗೆ ಬರುವುದು ಅದೇ ಮಾತು, 'ಅಯ್ಯೋ, ಹಾಕ್ಕೊಳ್ಳೋಕೆ ಒಂದೂ ಇಲ್ವಲ್ಲ!' ಹೌದು ತಾನೆ?

ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ ಬಿಡಿ. ಮೊಬೈಲ್‌ನಲ್ಲಿ ಬೆರಳಾಡಿಸಿದರೆ ಮನೆ ಬಾಗಿಲಿಗೆ ಬಟ್ಟೆ ಬಂದು ಬೀಳುವ ಕಾಲ ಇದು. ಆದರೆ ಆ ಬಟ್ಟೆಯನ್ನು ಹೊಲಿದವರು ನಿಮ್ಮನ್ನು ನೋಡಿಲ್ಲ. ನಿಮ್ಮ ಭುಜ ಸ್ವಲ್ಪ ಇಳಿಜಾರು, ಎರಡು ಹೆರಿಗೆಯಾದ ಮೇಲೆ ಸೊಂಟ ಅಗಲವಾಗಿದೆ, ಅಡುಗೆ ಮನೆಯಲ್ಲಿ ಉದ್ದ ತೋಳು ನಿಮಗೆ ಕಿರಿಕಿರಿ ಎಂಬುದೆಲ್ಲ ಅವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಹತ್ತು ತಂದರೆ ಎರಡು ಮೈಗೆ ಒಪ್ಪುತ್ತವೆ, ಉಳಿದವು ಗುಡ್ಡ ಸೇರುತ್ತವೆ. ಸ್ಟೈಲ್ ಅಂದರೆ ಸಿನಿಮಾ ನಟಿಯ ಹಾಗೆ ಕಾಣುವುದಲ್ಲ. ನಮ್ಮ ಮೈಗೆ, ನಮ್ಮೂರಿನ ಹವೆಗೆ, ನಮ್ಮ ದಿನಚರಿಗೆ ಒಪ್ಪುವುದನ್ನು ಹಾಯಾಗಿ ಉಡುವುದು. ಮನೆಯಲ್ಲೇ ಹೊಲಿದ ಬಟ್ಟೆ ಬೇಕಾಗುವುದು ಇಲ್ಲಿಯೇ.

ಇದನ್ನು ನಾನು ಪುಸ್ತಕ ಓದಿ ಕಲಿತಿದ್ದಲ್ಲ. ಒಂದು ತಪ್ಪು ಮಾಡಿ ಕಲಿತಿದ್ದು.

<b>ಅವತ್ತು ನಾನಂದ ಮಾತು</b>

ತೊಂಬತ್ತರ ದಶಕ. ಹಾಸನದಲ್ಲಿ ಪಿಯುಸಿ ಓದುತ್ತಿದ್ದೆ. ಲಂಗದಿಂದ ಹಿಡಿದು ಚೂಡಿದಾರ್‌ವರೆಗೆ ನನ್ನ ಬಟ್ಟೆಯೆಲ್ಲ ಅಮ್ಮನ ಕಾಲ್ತುಳಿತದ ಮಿಷನ್ನಿನದೇ. ಒಮ್ಮೆ ತನ್ನದೇ ಹಸಿರು ಸೀರೆ ಕತ್ತರಿಸಿ ನನಗೊಂದು ಚೂಡಿದಾರ್ ಹೊಲಿದಳು. ಸೆರಗೇ ಕುರ್ತಾದ ಮುಂಭಾಗ, ಅಂಚೇ ತೋಳಿನ ಪಟ್ಟಿ. ಕಾಲೇಜಿನಲ್ಲಿ ಗೆಳತಿಯೊಬ್ಬಳು, 'ಏನೇ, ಅಮ್ಮನ ಸೀರೆ ಕತ್ತರಿಸಿದ್ದಾ?' ಎಂದು ಎಲ್ಲರೆದುರು ನಕ್ಕಳು. ಮನೆಗೆ ಬಂದವಳೇ ಅಮ್ಮನಿಗೆ ಅಂದುಬಿಟ್ಟೆ, 'ಇನ್ಮೇಲೆ ನನಗೇನೂ ಹೊಲೀಬೇಡ. ಅಂಗಡೀದೇ ತಗೋತೀನಿ.' ಅಮ್ಮ ಏನೂ ಅನ್ನಲಿಲ್ಲ. ಮಿಷನ್ನಿಗೆ ಮುಸುಕು ಹಾಕಿ ಒಳಗೆ ಹೋದಳು.

ಆಮೇಲೆ ಮದುವೆ, ಬೆಂಗಳೂರು, ಮಕ್ಕಳು. ಆ ಮಾತು ನನಗೆ ಮರೆತೇ ಹೋಗಿತ್ತು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಅಮ್ಮ ಹಿತ್ತಲಲ್ಲಿ ಜಾರಿ ಬಿದ್ದಳು. ಮೂಳೆ ಮುರಿಯಲಿಲ್ಲ, ಆದರೆ ಬಲಭುಜ ಬಿಗಿದುಕೊಂಡಿತು. ಕೈ ಮೇಲೆತ್ತಲು ಆಗದು, ಹಿಂದಕ್ಕೆ ತಿರುಗಿಸಲೂ ಆಗದು. ನಮ್ಮ ಮನೆಗೆ ಕರೆದುಕೊಂಡು ಬಂದೆ. ಜೀವನವಿಡೀ ಸೀರೆ ಉಟ್ಟವಳು ನೈಟಿಯಲ್ಲೇ ಕೂತುಬಿಟ್ಟಳು. ದೇವಸ್ಥಾನ ಬಿಟ್ಟಳು, ನೆಂಟರ ಮನೆ ಬಿಟ್ಟಳು. ಅಣ್ಣನ ಮಗನ ಮದುವೆ ಗೊತ್ತಾದಾಗ, 'ನೀವು ಹೋಗ್ಬನ್ನಿ, ನಾನು ಬರಲ್ಲ' ಅಂದಳು. ಎಷ್ಟು ಕೇಳಿದರೂ ಕಾರಣ ಹೇಳಲಿಲ್ಲ. ಕೊನೆಗೆ ನನ್ನ ಮಗಳ ಹತ್ತಿರ ಹೇಳಿದ್ದು, 'ರವಿಕೆ ತೋಳಿಗೆ ಕೈ ಹೋಗಲ್ಲ ಪುಟ್ಟಿ. ನೈಟೀಲಿ ಮದುವೆಗೆ ಹೋಗೋಕಾಗುತ್ತಾ?'

ಅಷ್ಟೇ ವಿಷಯ. ಒಂದು ರವಿಕೆ! ಆವತ್ತು ಊರಿಗೆ ಫೋನ್ ಮಾಡಿ ಅಮ್ಮನ ಮಿಷನ್ ತರಿಸಿದೆ. ಮುಂದಿನ ಕಥೆ ಕೊನೆಯಲ್ಲಿ ಹೇಳುತ್ತೇನೆ. ಮೊದಲು, ಆ ಮಿಷನ್ ಮುಂದೆ ಕೂತು ಅಮ್ಮನಿಂದ ಕಲಿತ ಕೆಲವು ಕಿವಿಮಾತು, ಒಂದೊಂದು ಕಾಲಕ್ಕೆ ಒಂದೊಂದು.

<b>ಬೇಸಿಗೆ: ಸಡಿಲವೇ ಸೊಗಸು</b>

ಯುಗಾದಿಗೆ ಹೊಸ ಬಟ್ಟೆ ತರುವ ಹೊತ್ತಿಗೆ ಬಿಸಿಲೂ ಏರಿರುತ್ತದೆ. ಹತ್ತಿ ಬೆವರು ಹೀರುತ್ತದೆ, ಗಾಳಿ ಆಡಲು ಬಿಡುತ್ತದೆ. ಮಲ್‌ಮಲ್, ವಾಯ್ಲ್‌ನಂಥ ತೆಳು ಹತ್ತಿ ಬಟ್ಟೆಗೆ ತಿಳಿ ಬಣ್ಣ ಆರಿಸಿಕೊಳ್ಳಿ. 44 ಇಂಚು ಅಗಲದ ಬಟ್ಟೆಯಾದರೆ ತೋಳಿರುವ ಕುರ್ತಾಗೆ ಸಾಮಾನ್ಯವಾಗಿ ಎರಡೂವರೆ ಮೀಟರ್ ಸಾಕು.

* ಹೊಸ ಹತ್ತಿ ಬಟ್ಟೆಯನ್ನು ತಂದ ದಿನವೇ ಕತ್ತರಿಸಬೇಡಿ. ರಾತ್ರಿ ನೀರಲ್ಲಿ ನೆನೆಹಾಕಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿ ಹಾಕಿ. ಒಳಗೆ ಕೊಡುವ ಲೈನಿಂಗ್ ಬಟ್ಟೆಯನ್ನೂ ನೆನೆಹಾಕುವುದನ್ನು ಮರೆಯಬೇಡಿ. ಒಂದು ಕುಗ್ಗಿ ಇನ್ನೊಂದು ಕುಗ್ಗದಿದ್ದರೆ ಮೊದಲ ಒಗೆತಕ್ಕೇ ರವಿಕೆ ಸುಕ್ಕು ಸುಕ್ಕು.
* ಪಕ್ಕದ ಹೊಲಿಗೆಯ ಒಳಗೆ ಒಂದು, ಒಂದೂವರೆ ಇಂಚು ಬಟ್ಟೆ ಬಿಡಿ. ಮೈ ಬಂದಾಗ ಒಂದು ಹೊಲಿಗೆ ಬಿಚ್ಚಿದರೆ ಹೊಸ ರವಿಕೆ ಸಿಕ್ಕ ಹಾಗೆ. 'ನಾನು ದಪ್ಪ ಆದೆ' ಎಂದು ಕನ್ನಡಿ ಮುಂದೆ ಕೊರಗುವುದಕ್ಕಿಂತ ಇದು ಸುಲಭ!
* ಹಳೆಯ, ಚೆನ್ನಾಗಿ ಕೂರುವ ಕುರ್ತಾ ಒಂದಿದೆಯೇ? ಅದನ್ನೇ ಹೊಸ ಬಟ್ಟೆಯ ಮೇಲೆ ಹರಡಿ, ಸುತ್ತ ಹೊಲಿಗೆಗೆ ಬೇಕಾದಷ್ಟು ಜಾಗ ಬಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಅಳತೆ ಲೆಕ್ಕಕ್ಕೆ ಹೆದರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

<b>ಮಳೆಗಾಲ: ಸೂಜಿ ದಾರದ ಬುಟ್ಟಿ</b>

ಮಳೆ ಹಿಡಿದರೆ ಬಟ್ಟೆ ಒಣಗಿಸುವುದೇ ದೊಡ್ಡ ತಲೆನೋವು. ಈ ದಿನಗಳಲ್ಲಿ ಮಂದ ಕಾಟನ್, ಜೀನ್ಸ್ ಬೇಡ. ಪಾಲಿಯೆಸ್ಟರ್ ಬೆರೆತ ತೆಳು ಬಟ್ಟೆ ಬೇಗ ಒಣಗುತ್ತದೆ. ಪ್ಯಾಂಟ್, ಸೆಲ್ವಾರ್ ಪಾದದಿಂದ ಎರಡು ಇಂಚು ಮೇಲಿರಲಿ. ಕೆಸರು ಅಂಚಿಗೆ ಹತ್ತದು.

ಗಂಜಿ ಹಾಕಿದ ಸೀರೆಗಳನ್ನು ಮಳೆಗಾಲದಲ್ಲಿ ಹಾಗೇ ಮಡಿಚಿಡಬೇಡಿ. ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಹುಳವೂ ಬರುತ್ತದೆ. ಒಗೆದು ಗಂಜಿ ತೆಗೆದೇ ಇಡಿ. ರೇಷ್ಮೆ ಸೀರೆಯನ್ನು ಪ್ಲಾಸ್ಟಿಕ್ ಕವರಿನಲ್ಲಿಡುವುದೂ ತಪ್ಪು, ಒಳಗೇ ತೇವ ನಿಲ್ಲುತ್ತದೆ. ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಬಿಸಿಲು ಕಂಡ ದಿನ ನೆರಳಲ್ಲಿ ಗಾಳಿಗೆ ಹರಡಿ, ಮಡಿಕೆ ಬದಲಿಸಿ. ಮೂಲೆಯಲ್ಲಿ ಒಂದು ಬಜೆ ಬೇರು ಇಟ್ಟರೆ ಅಜ್ಜಿಯ ಕಾಲದ ಔಷಧಿ ಮುಗಿಯಿತು.

ಹೊರಗೆ ಹೋಗಲಾಗದ ಈ ಮಧ್ಯಾಹ್ನಗಳು ರಿಪೇರಿಗೆ ಹೇಳಿಮಾಡಿಸಿದ ಸಮಯ. ಒಂದು ಬುಟ್ಟಿ ಇಡಿ. ಹುಕ್ಕು ಕಿತ್ತ ರವಿಕೆ, ಫಾಲ್ಸ್ ಬಿಚ್ಚಿದ ಸೀರೆ, ಗುಂಡಿ ಉದುರಿದ ಶರ್ಟು ಎಲ್ಲ ಅದಕ್ಕೆ ಹೋಗಲಿ. ವಾರಕ್ಕೆರಡು ಮುಗಿಸಿ. 'ಹಾಕ್ಕೊಳ್ಳೋಕೆ ಇಲ್ಲ' ಅನ್ನುತ್ತಿದ್ದ ಬಟ್ಟೆಗಳಲ್ಲಿ ಎಷ್ಟೋ ಒಂದು ಹುಕ್ಕಿಗಾಗಿ ಕಾಯುತ್ತಿದ್ದವು ಎಂದು ನಿಮಗೇ ಗೊತ್ತಾಗುತ್ತದೆ.

ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. 1905ರ ಸ್ವದೇಶಿ ಚಳವಳಿಯ ನೆನಪಿಗಾಗಿ 2015ರಿಂದ ಇದನ್ನು ಆಚರಿಸುತ್ತಾರೆ. ಅವತ್ತೊಂದು ದಿನ ನಿಮ್ಮ ಬೀರುವಿನಲ್ಲಿರುವ ಇಳಕಲ್ ಸೀರೆ ತೆಗೆದು ನೋಡಿ. ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಮಗ್ಗದ ಮೇಲೆ ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸಿರುತ್ತಾರೆ. ಅದರ ಮೇಲೆ ಕಸೂತಿ ಇದ್ದರಂತೂ ಕೇಳುವುದೇ ಬೇಡ. ಗುರುತು ಹಾಕಿಕೊಳ್ಳದೆ ಬಟ್ಟೆಯ ಎಳೆ ಎಣಿಸಿಯೇ ಹಾಕುವ ಹೊಲಿಗೆ ಅದು. ಗವಂತಿ, ಮುರ್ಗಿ ಹೊಲಿಗೆಗಳು ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತವೆ. ಅಷ್ಟು ಕೈಕೆಲಸ ಮೈಮೇಲಿದೆ ಎಂದು ತಿಳಿದು ಉಟ್ಟರೆ ನಡಿಗೆಯೇ ಬೇರೆ.

<b>ಹಬ್ಬದ ಸಾಲು: ಕಣಗಳ ಸಂಸಾರ</b>

ಗೌರಿ ಹಬ್ಬದ ಬಾಗಿನ, ವರಮಹಾಲಕ್ಷ್ಮಿಯ ಕುಂಕುಮ, ನವರಾತ್ರಿಯ ಗೊಂಬೆ ಆರತಿ. ಎಲ್ಲಿ ಹೋದರೂ ತಾಂಬೂಲದ ಜೊತೆ ಒಂದು ರವಿಕೆ ಕಣ. ನಿಜ ಹೇಳಿ, ನಿಮ್ಮ ಮನೆಯಲ್ಲಿ ಎಷ್ಟು ಕಣಗಳಿವೆ? ಅವರಿಂದ ಇವರಿಗೆ, ಇವರಿಂದ ಇನ್ನೊಬ್ಬರಿಗೆ, ಕೊನೆಗೆ ಕೊಟ್ಟವರ ಕೈಗೇ ತಿರುಗಿ ಬರುವ ಕಣಗಳೂ ಇವೆ!

ಈ ಸಲ ಕೊಡುವಾಗ ನಾಲ್ಕು ಅಗ್ಗದ್ದರ ಬದಲು ಒಂದೇ ಒಳ್ಳೆಯದನ್ನು ಕೊಡಿ. ಗುಳೇದಗುಡ್ಡದ ಖಣ ಸಿಕ್ಕರೆ ರವಿಕೆಗೂ ಚೆಂದ, ಸಾದಾ ಕುರ್ತಾದ ಎದೆಪಟ್ಟಿಗೂ ಚೆಂದ. ಇರುವ ಕಣಗಳನ್ನು ಬಣ್ಣ ನೋಡಿ ಜೋಡಿಸಿ. ನಾಲ್ಕೈದು ಸೇರಿದರೆ ತರಕಾರಿ ಚೀಲ, ದಿಂಬಿನ ಕವರು, ಪುಟ್ಟ ಮಗುವಿಗೆ ಫ್ರಾಕು. ಕೊಟ್ಟವರು ಮನೆಗೆ ಬಂದಾಗ 'ನೋಡಿ, ಇದು ನೀವು ಕೊಟ್ಟಿದ್ದೇ' ಎಂದು ತೋರಿಸಿ. ಅವರ ಮುಖ ನೋಡಬೇಕು!

<b>ಚಳಿಗಾಲ: ಹಳೆ ಸೀರೆಯ ಬಿಸುಪು</b>

ಮೆತ್ತಗಾದ ಹತ್ತಿ ಸೀರೆಗಳನ್ನು ಪಾತ್ರೆಯವರಿಗೆ ಕೊಡುವ ಮುನ್ನ ಒಮ್ಮೆ ಯೋಚಿಸಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಅವೇ ಕೌದಿ ಆಗುತ್ತವೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ಸಿದ್ಧಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿ ಇನ್ನೂ ಸೊಗಸು. ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಮಡಿಚಿದ ಬಟ್ಟೆಯ ಹೂವು ಇಡುತ್ತಾರೆ. ಪದರಗಳ ನಡುವೆ ಗಾಳಿ ನಿಲ್ಲುವುದರಿಂದಲೇ ಅದು ಬೆಚ್ಚಗಿರುವುದು.

ನೀವು ಚಿಕ್ಕದರಿಂದ ಆರಂಭಿಸಿ. ಎರಡು ಹಳೆ ಸೀರೆಯನ್ನು ನಾಲ್ಕು ಪದರವಾಗಿ ಹಾಸಿ, ಸುತ್ತ ದೊಡ್ಡ ಹೊಲಿಗೆ ಹಾಕಿ ಜಾರದಂತೆ ಹಿಡಿಸಿ, ಆಮೇಲೆ ಬೆರಳಗಲ ಬಿಟ್ಟು ಸಾಲು ಸಾಲಾಗಿ ಓಟದ ಹೊಲಿಗೆ ಹಾಕುತ್ತಾ ಹೋಗಿ. ಟಿವಿ ಧಾರಾವಾಹಿ ನೋಡುತ್ತಲೇ ತಿಂಗಳಲ್ಲಿ ಮುಗಿಯುತ್ತದೆ. ಮಕ್ಕಳು ಹೊದ್ದುಕೊಂಡು 'ಇದು ಅಜ್ಜಿ ಸೀರೆ, ಇದು ಅಮ್ಮಂದು' ಎಂದು ಬೆರಳಿಟ್ಟು ತೋರಿಸುತ್ತಾರೆ.

<b>'ಹೊಲಿಗೆ ನನಗೆ ಬರಲ್ಲ' ಅಂತೀರಾ?</b>

ಬೇಡ ಬಿಡಿ. ಎಲ್ಲರೂ ಎಲ್ಲವನ್ನೂ ಮಾಡಬೇಕೆಂದೇನಿಲ್ಲ. ಮನೆ ಹತ್ತಿರದ ಟೈಲರ್ ಅಕ್ಕ ಇದ್ದಾರಲ್ಲ, ಅವರ ಕೈಯದೂ ಮನೆಯ ಹೊಲಿಗೆಯೇ. ಹಬ್ಬಕ್ಕೆ ಎರಡು ದಿನ ಇರುವಾಗ ಬಟ್ಟೆ ಕೊಟ್ಟು ಗಡಿಬಿಡಿ ಮಾಡಬೇಡಿ, ತಿಂಗಳ ಮುಂಚೆಯೇ ಕೊಡಿ. ಒಪ್ಪಿದ ಹಣವನ್ನು ಚೌಕಾಸಿ ಮಾಡದೆ ಕೊಡಿ. ಬಿಗಿಯಾದಾಗ ದೂರಲು ಓಡುತ್ತೇವೆ, ಸರಿಯಾಗಿ ಕೂತಾಗ ಎಷ್ಟು ಜನ ಹೋಗಿ ಹೇಳುತ್ತೇವೆ? ಮುಂದಿನ ಸಲ ಆ ರವಿಕೆ ಹಾಕಿಕೊಂಡೇ ಅವರ ಅಂಗಡಿಗೆ ಹೋಗಿ. ಅದಕ್ಕಿಂತ ದೊಡ್ಡ ಥ್ಯಾಂಕ್ಸ್ ಬೇರೆ ಬೇಕಿಲ್ಲ.

<b>ಕೊನೆಗೂ ಆ ರವಿಕೆ</b>

ಈಗ ಅಮ್ಮನ ವಿಷಯಕ್ಕೆ ಬರೋಣ. ಮೊದಲನೆಯದು ಪೂರಾ ಕೆಟ್ಟಿತು. ಎರಡೂ ತೋಳನ್ನು ಒಂದೇ ಕೈಗೆ ಆಗುವ ಹಾಗೆ ಕತ್ತರಿಸಿದ್ದೆ! ಅಮ್ಮ ಅದನ್ನು ಹಿಡಿದು ನೋಡಿ, ಎಷ್ಟೋ ತಿಂಗಳ ಮೇಲೆ ಮೊದಲ ಸಲ ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. 'ಎರಡು ಪದರ ಮಡಿಚಿ ಕತ್ತರಿಸೇ, ಆಗ ಎಡದ್ದು ಬಲದ್ದು ತಾನಾಗೇ ಬರುತ್ತೆ' ಅಂದಳು. ನಾಲ್ಕನೆಯ ರವಿಕೆ ಸರಿ ಹೋಯಿತು.

ನಿಮ್ಮ ಮನೆಯಲ್ಲೂ ಕೈ ಎತ್ತಲಾಗದ ಹಿರಿಯರಿದ್ದರೆ ಇದನ್ನು ಗಮನಿಸಿ. ರವಿಕೆ ಮುಂದೆ ಪೂರ್ತಿ ಬಿಚ್ಚುವಂತಿರಲಿ. ಹುಕ್ಕಿನ ಬದಲು ದೊಡ್ಡ ಟಿಚ್ ಬಟನ್ ಹಾಕಿ, ಒಂದೇ ಕೈಯಲ್ಲಿ ಒತ್ತಬಹುದು. ತೋಳು ಸಡಿಲವಿರಲಿ, ಕಂಕುಳಲ್ಲಿ ಒಂದು ಚೌಕದ ತುಂಡು ಸೇರಿಸಿ. ಹಾಕುವಾಗ ನೋವಿರುವ ಕೈ ಮೊದಲು, ಬಿಚ್ಚುವಾಗ ನೋವಿರುವ ಕೈ ಕೊನೆಗೆ. ಬಟ್ಟೆ ಮೆತ್ತನೆಯ ಹತ್ತಿಯೇ ಆಗಲಿ.

ಆ ವರ್ಷ ಆಯುಧಪೂಜೆಗೆ ಮಿಷನ್ ಒರೆಸಿ, ಎಣ್ಣೆ ಬಿಟ್ಟು, ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಹೂ ಮುಡಿಸಿದೆ. ಅವತ್ತು ಧೈರ್ಯ ಮಾಡಿ ಕೇಳಿದೆ, 'ಅಮ್ಮಾ, ಕಾಲೇಜಲ್ಲಿದ್ದಾಗ ಒಂದು ಮಾತು ಅಂದಿದ್ದೆ, ನೆನಪಿದೆಯಾ?' 'ಹಸಿರು ಚೂಡಿದಾರ್ ತಾನೆ?' ಅಂದಳು ಅಮ್ಮ. ಅವಳು ಮರೆತಿರಲಿಲ್ಲ. ನನಗೆ ಮುಂದೆ ಮಾತು ಹೊರಡಲಿಲ್ಲ. ಅವಳೇ ನನ್ನ ಬೆನ್ನ ಮೇಲೆ ಎಡಗೈ ಇಟ್ಟು, 'ಬಿಡು, ತೋಳಿನ ಪಟ್ಟಿ ನನಗೂ ಅಷ್ಟು ಸರಿ ಅನಿಸಿರಲಿಲ್ಲ' ಅಂದಳು.

ಮದುವೆಗೆ ಅಮ್ಮ ಬಂದಳು. ನಾನು ಹೊಲಿದ ರವಿಕೆ, ಕಂದು ರೇಷ್ಮೆ ಸೀರೆ. ಛತ್ರದಲ್ಲಿ ಸಿಕ್ಕವರಿಗೆಲ್ಲ 'ನನ್ನ ಮಗಳು ಹೊಲಿದಿದ್ದು' ಎಂದು ಹೇಳಿದ್ದೇ ಹೇಳಿದ್ದು. ವಾಪಸು ಬರುವಾಗ ಕಾರಿನಲ್ಲಿ ನನಗೆ ಮಾತ್ರ ಕೇಳುವಂತೆ ಅಂದಳು, 'ಕಂಕುಳ ಹತ್ರ ಇನ್ನೂ ಅರ್ಧ ಇಂಚು ಬಿಡ್ಬೇಕಿತ್ತು ಕಣೇ.'

ನಿಮ್ಮ ಅಮ್ಮ, ಅತ್ತೆ, ಅಜ್ಜಿ, ಯಾರೋ ಒಬ್ಬರು ನಿಮಗಾಗಿ ಹೊಲಿದ ಬಟ್ಟೆ ಬೀರುವಿನ ತಳದಲ್ಲಿ ಇದ್ದೇ ಇರುತ್ತದೆ. ಇವತ್ತು ಸಂಜೆ ಹುಡುಕಿ ತೆಗೆಯಿರಿ. ಮೈಗೆ ಆದರೆ ಹಾಕಿಕೊಳ್ಳಿ, ಆಗದಿದ್ದರೆ ಒಳಗಿನ ಹೊಲಿಗೆ ನೋಡಿ. ನೀವು ದಪ್ಪಗಾಗಬಹುದು ಎಂದು ಅವರು ಆಗಲೇ ಒಂದೂವರೆ ಇಂಚು ಬಿಟ್ಟಿರುತ್ತಾರೆ. ಅವರು ಫೋನಿಗೆ ಸಿಗುವಂತಿದ್ದರೆ, ಅದನ್ನು ಹಾಕಿಕೊಂಡೇ ಒಂದು ಫೋನ್ ಮಾಡಿಬಿಡಿ.