ಓಡುವ ಗೂಡ್ಸ್ ಗಾಡಿಯನ್ನು ತೂಗುವುದು ಹೇಗೆ?

ರೈಲ್ವೆ ಗೇಟು ಹಾಕಿದಾಗ ಗಾಡಿ ನಿಲ್ಲಿಸಿಕೊಂಡು ಗೂಡ್ಸ್ ರೈಲಿನ ಡಬ್ಬಿಗಳನ್ನು ಎಣಿಸದವರು ನಮ್ಮಲ್ಲಿ ಕಡಿಮೆ. ಶಕ್ತಿನಗರದ ವಿದ್ಯುತ್ ಕೇಂದ್ರಕ್ಕೆ ಹೋಗುವ ಕಲ್ಲಿದ್ದಲು, ಬಳ್ಳಾರಿ ಹೊಸಪೇಟೆ ಕಡೆಯ ಕಬ್ಬಿಣದ ಅದಿರು, ನಮ್ಮ ಸೊಸೈಟಿಗಳಿಗೆ ಬರುವ ರಸಗೊಬ್ಬರ, ಎಲ್ಲವೂ ಹೀಗೆ ಡಬ್ಬಿಗಳಲ್ಲಿಯೇ ಸಾಗುತ್ತವೆ. ಇಂತಹ ಐವತ್ತು ಅರವತ್ತು ಡಬ್ಬಿಗಳ ರೈಲನ್ನು ನಿಲ್ಲಿಸದೆ, ಒಂದು ಕೊಂಡಿಯನ್ನೂ ಬಿಚ್ಚದೆ, ಓಡುತ್ತಿರುವಾಗಲೇ ಒಂದೊಂದು ಡಬ್ಬಿಯ ತೂಕವನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳುತ್ತಾರೆ ಎಂದರೆ ಅನೇಕರಿಗೆ ಆಶ್ಚರ್ಯವಾಗಬಹುದು.

ರೈಲಿನ ತೂಕ ಕಟ್ಟಿಕೊಂಡು ರೈತನಿಗೆ ಆಗಬೇಕಾದುದೇನು ಎಂದು ಕೇಳಬೇಡಿ. ಉತ್ತು ಬಿತ್ತು ನೀರು ಹಾಯಿಸಿ ಬೆಳೆದುದಕ್ಕೆ ಕೊನೆಗೆ ಬೆಲೆ ಕಟ್ಟುವುದು ತಕ್ಕಡಿ. ಓಡುವ ರೈಲನ್ನು ಸರಿಯಾಗಿ ತೂಗಲು ಯಾವ ಯಾವ ಕಟ್ಟುಪಾಡು ಬೇಕು ಎಂಬುದನ್ನು ತಿಳಿದವನಿಗೆ, ನಿಂತ ಕಬ್ಬಿನ ಗಾಡಿಯ ತೂಕ ಎಲ್ಲಿ ತಪ್ಪಬಹುದು ಎಂಬುದೂ ತಾನಾಗಿ ತಿಳಿಯುತ್ತದೆ.

ತೂಗುವುದು ಏತಕ್ಕೆ?

ಮೊದಲನೆಯದು ಸುರಕ್ಷತೆ. ಕಲ್ಲಿದ್ದಲು, ಅದಿರು ಸಾಗಿಸುವ ಬಾಕ್ಸ್‌ಎನ್ ಎಂಬ ತೆರೆದ ವ್ಯಾಗನ್ನನ್ನು ನೋಡಿರುತ್ತೀರಿ. ಅದರ ಮೂಲ ವಿನ್ಯಾಸದಂತೆ ಖಾಲಿ ತೂಕ ಸುಮಾರು 22.5 ಟನ್, ಹೇರಬಹುದಾದ ಸರಕು ಸುಮಾರು 58.8 ಟನ್, ಎರಡೂ ಸೇರಿ 81.28 ಟನ್. ನಾಲ್ಕು ಅಚ್ಚುಗಳಿಗೆ ಹಂಚಿದರೆ ಅಚ್ಚೊಂದಕ್ಕೆ 20.32 ಟನ್ ಬೀಳುತ್ತದೆ. ಬಲಪಡಿಸಿದ ಮಾರ್ಗಗಳಲ್ಲಿ ಈಗ ಇದಕ್ಕಿಂತ ಹೆಚ್ಚು ಹೇರಲು ಅನುಮತಿ ಉಂಟು. ಆದರೆ ಪ್ರತಿ ಮಾರ್ಗಕ್ಕೂ ಒಂದು ಮಿತಿ ಇದ್ದೇ ಇದೆ. ಮಿತಿ ಮೀರಿದರೆ ಹಳಿ, ಸೇತುವೆ, ಬೇರಿಂಗು, ಸ್ಪ್ರಿಂಗು ಎಲ್ಲಕ್ಕೂ ಪೆಟ್ಟು. ಕ್ಯಾಸಲ್‌ರಾಕ್‌ನಿಂದ ಗೋವೆಯ ಕುಳೆಂಗೆ ಇಳಿಯುವ ಘಟ್ಟದಲ್ಲಿ 37 ಮೀಟರ್ ಸಾಗುವಷ್ಟರಲ್ಲಿ ಹಳಿ ಒಂದು ಮೀಟರ್ ಇಳಿಯುತ್ತದೆ. ಅಂತಹ ಇಳಿಜಾರಿನಲ್ಲಿ ಡಬ್ಬಿಗೆ ಎರಡು ಟನ್ ಹೆಚ್ಚಾದರೂ 58 ಡಬ್ಬಿಗೆ 116 ಟನ್ ಆಯಿತು. ಬ್ರೇಕು ಹಿಡಿಯಬೇಕಾದ ಭಾರ ಅಷ್ಟು ಏರಿತೆಂದೇ ಅರ್ಥ.

ಎರಡನೆಯದು ಹಣ. ರೈಲ್ವೆಯವರಿಗೆ ಬಾಡಿಗೆ, ಮಾರುವವನಿಗೆ ಬೆಲೆ, ಕೊಳ್ಳುವವನಿಗೆ ಸರಕು, ಮೂರೂ ತೂಕದ ಮೇಲೆ ನಿಂತಿವೆ. 1989ರ ರೈಲ್ವೆ ಕಾಯಿದೆಯ 73ನೇ ವಿಧಿಯಂತೆ ಮಿತಿಮೀರಿ ಹೇರಿದ ವ್ಯಾಗನ್ನಿಗೆ ಬಾಡಿಗೆಯ ಮೇಲೆ ದಂಡದ ಶುಲ್ಕ ವಿಧಿಸಬಹುದು. 78ನೇ ವಿಧಿ ಸರಕನ್ನು ಮತ್ತೆ ಅಳೆದು ತೂಗುವ ಅಧಿಕಾರವನ್ನು ರೈಲ್ವೆಗೆ ಕೊಟ್ಟಿದೆ. ಸರಕು ಪಡೆಯುವವನೂ ಕೇಳಿಕೊಂಡು, ಶುಲ್ಕ ಕಟ್ಟಿ, ತೂಗಿಸಿಕೊಳ್ಳಲು 79ನೇ ವಿಧಿಯಲ್ಲಿ ಅವಕಾಶವಿದೆ. ಆದರೆ ದಾರಿಯಲ್ಲಿ ಒಣಗಿ ತೂಕ ಕಳೆದುಕೊಳ್ಳುವ ಮಾಲಿಗೆ ಇದು ಸಾಮಾನ್ಯವಾಗಿ ಸಿಗದು. ಇಡೀ ವ್ಯಾಗನ್ ಅಥವಾ ಇಡೀ ರೈಲಿನ ಮಾಲಾದರೆ, ಯಾರ್ಡಿನಲ್ಲಿ ದಟ್ಟಣೆ ಇದ್ದಾಗಲೂ ಕೇಳಿಕೆ ನಡೆಯದು. ರೈತ ಉತ್ಪಾದಕ ಕಂಪನಿ ಕಟ್ಟಿಕೊಂಡು ಮಾಲು ಕಳಿಸುವವರು ಇದನ್ನು ನೆನಪಿನಲ್ಲಿಡುವುದು ಒಳಿತು.

ನಿಲ್ಲಿಸಿ ತೂಗಿದರೆ ಆಗದೆ?

ಆಗುತ್ತದೆ, ಹಿಂದೆ ಹಾಗೆಯೇ ತೂಗುತ್ತಿದ್ದರು. ಡಬ್ಬಿಯ ಕೊಂಡಿ ಬಿಚ್ಚಿ, ತಕ್ಕಡಿಯ ಮೇಲೆ ತಂದು ನಿಲ್ಲಿಸಿ, ಓದಿಕೊಂಡು, ಮುಂದೆ ತಳ್ಳಿ, ಮತ್ತೊಂದನ್ನು ತರಬೇಕು. ಒಂದಕ್ಕೆ ಐದೇ ನಿಮಿಷ ಹಿಡಿದರೂ 58 ಡಬ್ಬಿಗೆ ಐದು ಗಂಟೆಯ ಹತ್ತಿರ ಆಗುತ್ತದೆ. ಅದೇ ರೈಲು ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ತಕ್ಕಡಿಯ ಮೇಲೆ ಹಾದುಹೋಗಲಿ. 58 ಡಬ್ಬಿಗಳ ಉದ್ದ ಸುಮಾರು 620 ಮೀಟರ್. ಸೆಕೆಂಡಿಗೆ 2.8 ಮೀಟರ್‌ನಂತೆ ನಾಲ್ಕು ನಿಮಿಷದೊಳಗೆ ಎಲ್ಲವೂ ದಾಟಿರುತ್ತವೆ. ಚಲಿಸುವಾಗಲೇ ತೂಗುವ ವೇ ಬ್ರಿಡ್ಜ್ ಬಳಕೆಗೆ ಬಂದದ್ದು ಈ ಉಳಿತಾಯಕ್ಕಾಗಿ.

ಹಳಿಯ ಕೆಳಗೆ ಏನಿದೆ?

ಹಳಿಯಲ್ಲಿ ಕೆಲವು ಮೀಟರ್ ಉದ್ದದ ಒಂದು ತುಂಡನ್ನು ಬೇರೆ ಮಾಡಿ, ಅದರ ಕೆಳಗೆ ಉಕ್ಕಿನ ಗಟ್ಟಿಗಳನ್ನು ಇಟ್ಟಿರುತ್ತಾರೆ. ಇವಕ್ಕೆ ಲೋಡ್ ಸೆಲ್ ಎಂದು ಹೆಸರು. ಭಾರ ಬಿದ್ದಾಗ ಉಕ್ಕು ಕೂಡ ಕುಗ್ಗುತ್ತದೆ, ಆದರೆ ಕಣ್ಣಿಗೆ ಕಾಣದಷ್ಟು. ಆ ಕುಗ್ಗುವಿಕೆಯನ್ನು ಹಿಡಿಯಲು ಗಟ್ಟಿಯ ಮೈಗೆ ಎಳೆ ಎಳೆಯಾದ ಲೋಹದ ಪಟ್ಟಿಯನ್ನು ಅಂಟಿಸಿರುತ್ತಾರೆ. ಉಕ್ಕು ಕುಗ್ಗಿದರೆ ಎಳೆಯೂ ಕುಗ್ಗುತ್ತದೆ, ಹಿಗ್ಗಿದರೆ ಎಳೆಯೂ ಹಿಗ್ಗುತ್ತದೆ. ಆಗ ಅದರಲ್ಲಿ ಹರಿಯುವ ವಿದ್ಯುತ್ತಿಗೆ ಇರುವ ತಡೆ ಒಂದಿಷ್ಟು ಬದಲಾಗುತ್ತದೆ. ಈ ಬದಲಾವಣೆಯನ್ನು ಅಳೆದು ಕಿಲೋಗ್ರಾಂಗೆ ಪರಿವರ್ತಿಸಿ ಪರದೆಯ ಮೇಲೆ ತೋರಿಸುವುದು ಯಂತ್ರದ ಕೆಲಸ. ಅಂಟಿಸುವ ಈ ಪಟ್ಟಿಯನ್ನು 1938ರಲ್ಲಿ ಅಮೆರಿಕದಲ್ಲಿ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್ ಎಂಬ ಇಬ್ಬರು ಒಬ್ಬರಿಗೊಬ್ಬರು ತಿಳಿಯದಂತೆ ಬೇರೆ ಬೇರೆಯಾಗಿ ಕಂಡುಹಿಡಿದರು. ಇಂದು ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲೂ ಸಕ್ಕರೆ ಕಾರ್ಖಾನೆಯ ವೇ ಬ್ರಿಡ್ಜಿನಲ್ಲೂ ಸಾಮಾನ್ಯವಾಗಿ ಇರುವುದು ಇದೇ ತತ್ವ.

ಯಾವುದು ಎಂಜಿನ್ನು, ಯಾವುದು ಡಬ್ಬಿ ಎಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಹಳಿಯ ಬದಿಯಲ್ಲಿ ಗಾಲಿ ಎಣಿಸುವ ಉಪಕರಣಗಳಿವೆ. ಒಂದು ಗಾಲಿಗೂ ಮುಂದಿನ ಗಾಲಿಗೂ ನಡುವಿನ ಅಂತರದಿಂದ ವಾಹನದ ಜಾತಿ ತಿಳಿಯುತ್ತದೆ. ದೊಡ್ಡ ಗೂಡ್ಸ್ ಎಂಜಿನ್ನಿಗೆ ಆರು ಅಚ್ಚು, ಡಬ್ಬಿಗೆ ಎರಡೆರಡರಂತೆ ನಾಲ್ಕು ಅಚ್ಚು. ಎಂಜಿನ್ನಿನ ಭಾರವನ್ನು ಬಿಟ್ಟು, ಡಬ್ಬಿಗಳ ಅಚ್ಚುಗಳನ್ನು ಕೂಡಿಸುತ್ತಾ ಲೆಕ್ಕ ಮುಂದುವರಿಯುತ್ತದೆ. ಡಬ್ಬಿಯ ಒಂದೇ ತುದಿಗೆ ಅದಿರು ರಾಶಿಯಾಗಿದ್ದರೆ ಅದೂ ಇಲ್ಲಿ ಗೊತ್ತಾಗಿಬಿಡುತ್ತದೆ.

ಮುಖ್ಯವಾದ ನಾಲ್ಕು ಕಟ್ಟುಪಾಡು

ಇಷ್ಟೆಲ್ಲ ಇದ್ದರೂ ಓಡುವ ವಸ್ತುವಿನ ತೂಕ ಸುಲಭವಲ್ಲ. ಡಬ್ಬಿ ಸ್ಪ್ರಿಂಗಿನ ಮೇಲೆ ಕುಳಿತಿದೆ. ಓಡುವಾಗ ಅದು ಮೇಲೆ ಕೆಳಗೆ ತೂಗಾಡುತ್ತದೆ. ಮೇಲೆದ್ದ ಕ್ಷಣದಲ್ಲಿ ಓದಿದರೆ ಹಗುರ, ಕೆಳಗೆ ಕುಕ್ಕಿದ ಕ್ಷಣದಲ್ಲಿ ಓದಿದರೆ ಭಾರ. ಆದ್ದರಿಂದ ಯಂತ್ರ ಒಂದು ಸಲವಲ್ಲ, ನೂರಾರು ಸಲ ಓದಿ ಸರಾಸರಿ ತೆಗೆಯುತ್ತದೆ. ಸರಾಸರಿ ಸರಿಯಾಗಿರಬೇಕಾದರೆ ಈ ನಾಲ್ಕು ಅಂಶಗಳು ಅವಶ್ಯ.

1. ಮಟ್ಟವಾದ ನೇರ ಹಳಿ: ತಕ್ಕಡಿಯ ಮುಂದೆಯೂ ಹಿಂದೆಯೂ ಹಳಿ ಒಂದೇ ಮಟ್ಟದಲ್ಲಿರಬೇಕು. ತಕ್ಕಡಿ ಕೊಂಚ ತಗ್ಗಿದರೂ ಅದರ ಮೇಲಿನ ಡಬ್ಬಿಯ ಭಾರ ಕೊಂಡಿಯ ಮೂಲಕ ನೆರೆಯ ಡಬ್ಬಿಗೆ ಸ್ವಲ್ಪ ತೂಗಿಬೀಳುತ್ತದೆ. ಅಷ್ಟು ತೂಕ ಕಡಿಮೆ ಬರುತ್ತದೆ.

2. ಒಂದೇ ಸಮನಾದ ನಿಧಾನ ವೇಗ: ಡ್ರೈವರು ನಡುವೆ ಬ್ರೇಕು ಹಾಕಿದರೆ, ಇಲ್ಲವೆ ಎಂಜಿನ್ ಏರಿಸಿದರೆ, ಡಬ್ಬಿಗಳು ಒಂದನ್ನೊಂದು ತಳ್ಳುತ್ತವೆ ಅಥವಾ ಜಗ್ಗುತ್ತವೆ. ಯಂತ್ರಕ್ಕೆ ನಿಗದಿಯಾದ ವೇಗವನ್ನು ಮೀರಿದರೆ ಸರಾಸರಿ ತೆಗೆಯಲು ಕಾಲಾವಕಾಶವೇ ಸಾಲದು. ನಾಲ್ಕು ಮೀಟರ್ ತಕ್ಕಡಿಯ ಮೇಲೆ ಎರಡು ಮೀಟರ್ ಅಂತರದ ಜೋಡಿ ಅಚ್ಚು ಗಂಟೆಗೆ 10 ಕಿಲೋಮೀಟರ್‌ನಂತೆ ಸಾಗಿದರೆ, ಎರಡೂ ಒಟ್ಟಿಗೆ ತಕ್ಕಡಿಯ ಮೇಲಿರುವುದು ಮುಕ್ಕಾಲು ಸೆಕೆಂಡೂ ಇಲ್ಲ.

3. ನಿಜವಾದ ಖಾಲಿ ತೂಕ: ಡಬ್ಬಿಯ ಮೈಮೇಲೆ ಅದರ ಖಾಲಿ ತೂಕವನ್ನು ಬಣ್ಣದಲ್ಲಿ ಬರೆದಿರುತ್ತಾರೆ. ಆದರೆ ಹಿಂದಿನ ಸರಕಿನ ಶೇಷ ತಳದಲ್ಲಿ ಹೆಪ್ಪುಗಟ್ಟಿದ್ದರೆ, ಮಳೆನೀರು ನಿಂತಿದ್ದರೆ, ಬರೆದ ತೂಕವೇ ಬೇರೆ, ಇರುವ ತೂಕವೇ ಬೇರೆ. ಖಾಲಿ ಡಬ್ಬಿಯನ್ನೂ ತೂಗಿ ಕಳೆಯುವುದೇ ನ್ಯಾಯವಾದ ಕ್ರಮ.

4. ಕಾಲಕಾಲಕ್ಕೆ ಪರೀಕ್ಷೆ: ತೂಕ ಮೊದಲೇ ನಿಖರವಾಗಿ ಗೊತ್ತಿರುವ ವ್ಯಾಗನ್‌ಗಳನ್ನು ತಕ್ಕಡಿಯ ಮೇಲೆ ಮತ್ತೆ ಮತ್ತೆ ಓಡಿಸಿ ತಾಳೆ ನೋಡುತ್ತಾರೆ. ತಕ್ಕಡಿಯ ಅಡಿಗೆ ಕಲ್ಲು, ಮಣ್ಣು, ಅದಿರಿನ ಪುಡಿ ಸೇರಿ ಬಿಗಿದುಕೊಂಡರೆ ತೂಕ ಕೆಡುತ್ತದೆ. ಆದ್ದರಿಂದ ಗುಂಡಿ ಶುಚಿಯಾಗಿರಬೇಕು.

ಎಷ್ಟು ತಪ್ಪು ಸಲ್ಲುತ್ತದೆ?

ಯಾವ ತಕ್ಕಡಿಯೂ ಕೂದಲೆಳೆಯಷ್ಟೂ ತಪ್ಪದೆ ತೂಗುವುದಿಲ್ಲ. ಎಷ್ಟು ತಪ್ಪಬಹುದು ಎಂಬುದಕ್ಕೆ ಮಾತ್ರ ಕಟ್ಟಳೆ ಇದೆ. ಓಡುವ ರೈಲಿನ ತಕ್ಕಡಿಗಳನ್ನು ಅಂತರರಾಷ್ಟ್ರೀಯ ಕಾನೂನು ಮಾಪನ ಸಂಸ್ಥೆಯು 0.2, 0.5, 1 ಮತ್ತು 2 ಎಂದು ನಾಲ್ಕು ದರ್ಜೆಗಳಾಗಿ ವಿಂಗಡಿಸಿದೆ. 0.5ರ ದರ್ಜೆ ಎಂದರೆ ಬಳಕೆಯಲ್ಲಿರುವಾಗ ತಪ್ಪು ನೂರಕ್ಕೆ ಅರ್ಧ ಭಾಗ ಮೀರಬಾರದು. 80 ಟನ್ನಿನ ಡಬ್ಬಿಗೆ ಇದು 400 ಕಿಲೋ.

ಇಲ್ಲಿ ಒಂದು ಸೂಕ್ಷ್ಮವಿದೆ. ತಪ್ಪು ಬಂದದ್ದು ಒಟ್ಟು ತೂಕದ ಮೇಲೆ. ಡಬ್ಬಿಯ ಖಾಲಿ ತೂಕವನ್ನು ಕಳೆದ ಮೇಲೆ ಆ 400 ಕಿಲೋ ಪೂರ್ತಿಯಾಗಿ ಸರಕಿನ ತಲೆಗೇ ಬೀಳುತ್ತದೆ. 58 ಟನ್ ಸರಕಿಗೆ ಅದು ನೂರಕ್ಕೆ 0.7ರ ಹತ್ತಿರ. ಒಂದು ಡಬ್ಬಿಯಲ್ಲಿ ಹೆಚ್ಚು, ಮತ್ತೊಂದರಲ್ಲಿ ಕಡಿಮೆ ಬಂದರೆ ಇಡೀ ರೈಲಿನ ಲೆಕ್ಕದಲ್ಲಿ ಅವು ಬಹುಮಟ್ಟಿಗೆ ಸರಿದೂಗುತ್ತವೆ. ಆದರೆ ತಕ್ಕಡಿಯೇ ಒಂದು ಕಡೆಗೆ ವಾಲಿದ್ದರೆ 58 ಡಬ್ಬಿಯಲ್ಲೂ ನಷ್ಟ ಒಬ್ಬನಿಗೇ. ಹನಿ ಹನಿ ಕೂಡಿದರೆ ಹಳ್ಳ.

ನಿಮ್ಮ ಗೊಬ್ಬರದ ಚೀಲ

ಒಂದೇ ತೂಕದ ಚೀಲಗಳಲ್ಲಿ ತುಂಬಿದ ರಸಗೊಬ್ಬರ, ಸಿಮೆಂಟ್ ಮುಂತಾದವಕ್ಕೆ ಚೀಲದ ಎಣಿಕೆಯ ಮೇಲೆಯೇ ಲೆಕ್ಕ ಹಿಡಿಯುವ ಪದ್ಧತಿ ರೈಲ್ವೆಯಲ್ಲಿದೆ. ಆದ್ದರಿಂದ ಗೂಡ್ಸ್ ಶೆಡ್ಡಿಗೆ ಬಂದ ಗೊಬ್ಬರದ ಪ್ರತಿ ಚೀಲವೂ ಎಲ್ಲೋ ತೂಗಿಸಿಕೊಂಡೇ ಬಂದಿದೆ ಎಂದು ಭಾವಿಸಬೇಡಿ. ಹರಿದ, ಮತ್ತೆ ಹೊಲಿದ ಚೀಲ ಕಂಡರೆ ಸೊಸೈಟಿಯಲ್ಲೇ ತೂಗಿಸಿ ಒಯ್ಯಿರಿ. ಯೂರಿಯಾ ಚೀಲ 2018ರಿಂದ 50ರ ಬದಲು 45 ಕಿಲೋ ಆಗಿದೆ. ಎಕರೆಗೆ ಇಷ್ಟು ಚೀಲ ಎಂಬ ಹಳೆಯ ಲೆಕ್ಕದಲ್ಲಿ ಹಾಕುವವರು ಇದನ್ನು ಮರೆಯಬಾರದು.

ನಿಮ್ಮ ಕಬ್ಬಿನ ಗಾಡಿಗೆ ಪಾಠ

ರೈಲಿನ ಆ ನಾಲ್ಕು ಕಟ್ಟುಪಾಡುಗಳನ್ನು ಈಗ ಕಾರ್ಖಾನೆಯ ಬಾಗಿಲಿಗೆ ತನ್ನಿ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಕಬ್ಬಿನ ಬೆಲೆ, 10.25ರ ಇಳುವರಿಗೆ, ಕ್ವಿಂಟಾಲಿಗೆ 355 ರೂಪಾಯಿ. ಟ್ರಿಪ್ಪಿಗೆ ಒಂದೇ ಕ್ವಿಂಟಾಲ್ ತಪ್ಪಿದರೂ ಇಪ್ಪತ್ತು ಟ್ರಿಪ್ಪಿಗೆ 7,100 ರೂಪಾಯಿ ಕೈಬಿಟ್ಟಂತೆ. ಆದ್ದರಿಂದ ಈ ಅಂಶಗಳನ್ನು ಗಮನಿಸಿರಿ.

• ಗಾಡಿ ಏರುವ ಮೊದಲು ಪರದೆ ಸೊನ್ನೆ ತೋರಿಸುತ್ತಿದೆಯೇ ನೋಡಿರಿ. ಸೊನ್ನೆ ಇರದಿದ್ದರೆ ಸೊನ್ನೆ ಮಾಡಿಸಿದ ಮೇಲೆಯೇ ಗಾಡಿ ಏರಿಸಿರಿ.

• ಗಾಡಿ ಪೂರ್ತಿ ನಿಂತು, ಅಂಕಿ ಕದಲದೆ ನಿಂತ ಮೇಲೆ ಓದಿಸಿರಿ. 10 ಕಿಲೋ ಹಂತದ ಸಾಮಾನ್ಯ ವೇ ಬ್ರಿಡ್ಜ್ 20 ಟನ್ ತೂಕದಲ್ಲಿ, ಮುದ್ರೆ ಹಾಕುವ ಪರೀಕ್ಷೆಯಲ್ಲಿ, 10 ಕಿಲೋಗಿಂತ ಹೆಚ್ಚು ತಪ್ಪಬಾರದು. ಆ ನಿಖರತೆ ನಿಂತ ಗಾಡಿಗೆ ಮಾತ್ರ. ಓಡುವ ಗಾಡಿಯನ್ನು ತೂಗಲೆಂದೇ ಮಾಡಿದ ತಕ್ಕಡಿಗೂ 0.5ರ ದರ್ಜೆಯಲ್ಲಿ 100 ಕಿಲೋ ತಪ್ಪು ಸಲ್ಲುತ್ತದೆ. ನಿಂತ ಗಾಡಿಗೆಂದು ಮಾಡಿದ ತಕ್ಕಡಿಯ ಮೇಲೆ ಉರುಳಿಸಿಕೊಂಡೇ ಹೋದರೆ ಆ ತೂಕಕ್ಕೆ ಭರವಸೆಯೇ ಇಲ್ಲ.

• ಟ್ರ್ಯಾಕ್ಟರ್ ಮತ್ತು ಎರಡು ಟ್ರೇಲರ್ ಒಟ್ಟಿಗೆ ಹಿಡಿಸದಿದ್ದರೆ ಕೊಂಡಿ ಬಿಡಿಸಿ ಒಂದೊಂದನ್ನೇ ತೂಗಿಸುವುದು ಒಳಿತು. ಕೊಂಡಿಯ ಜಗ್ಗಾಟ ರೈಲಿಗೆ ಹೇಗೋ ಟ್ರೇಲರಿಗೂ ಹಾಗೆಯೇ.

• ಖಾಲಿ ತೂಕವನ್ನು ಪ್ರತಿ ಟ್ರಿಪ್ಪಿಗೂ ಹೊಸದಾಗಿ ತೆಗೆಸಿರಿ. ಹೋದ ತಿಂಗಳ ಖಾಲಿ ತೂಕ ಒಪ್ಪಬೇಡಿ. ತುಂಬಿದಾಗಲೂ ಖಾಲಿಯಾದಾಗಲೂ ಗಾಡಿಯ ಸ್ಥಿತಿ ಒಂದೇ ಇರಲಿ. ಡ್ರೈವರ್ ಎರಡು ಸಲವೂ ಮೇಲಿರಲಿ, ಇಲ್ಲವೆ ಎರಡು ಸಲವೂ ಇಳಿದಿರಲಿ. ಹಗ್ಗ, ಗೂಟ ಎರಡು ಸಲವೂ ಗಾಡಿಯಲ್ಲಿಯೇ ಇರಲಿ. ನಡುವೆ 50 ಲೀಟರ್ ಡೀಸೆಲ್ ತುಂಬಿಸಿದರೆ ಖಾಲಿ ತೂಕ ಸುಮಾರು 42 ಕಿಲೋ ಏರಿ, ನಿಮ್ಮ ಕಬ್ಬು ಅಷ್ಟು ಇಳಿಯುತ್ತದೆ.

• ಒಟ್ಟು ತೂಕ, ಖಾಲಿ ತೂಕ, ನಿವ್ವಳ ತೂಕ ಮೂರೂ ಇರುವ ಚೀಟಿಯನ್ನು ದಿನಾಂಕ, ವೇಳೆ, ಗಾಡಿ ನಂಬರಿನೊಂದಿಗೆ ಪಡೆದು ಜೋಪಾನ ಮಾಡಿರಿ.

• ವೇ ಬ್ರಿಡ್ಜಿಗೆ ವರ್ಷಕ್ಕೊಮ್ಮೆ ಪರೀಕ್ಷೆಯಾಗಿ ಸರ್ಕಾರದ ಮುದ್ರೆ ಬೀಳಬೇಕು. ಅದರ ಪ್ರಮಾಣಪತ್ರ ಕಾಣುವಂತೆ ತೂಗುಹಾಕಿದೆಯೇ, ಅವಧಿ ಮುಗಿದಿಲ್ಲವೇ ನೋಡಿರಿ. ಸಂಶಯ ಬಂದರೆ ಅದೇ ಗಾಡಿಯನ್ನು ಬೇರೊಂದು ಮುದ್ರೆಯಾದ ತಕ್ಕಡಿಯಲ್ಲಿ ತೂಗಿಸಿ, ಎರಡು ಚೀಟಿಗಳೊಡನೆ ಕಾನೂನು ಮಾಪನ ಇಲಾಖೆಯ ನಿರೀಕ್ಷಕರಿಗೆ ಲಿಖಿತ ದೂರು ಕೊಡಿರಿ. ಹಿಂದೆ ಜನ ತೂಕ ಮತ್ತು ಅಳತೆ ಇಲಾಖೆ ಎನ್ನುತ್ತಿದ್ದುದು ಇದನ್ನೇ. ಒಬ್ಬರೇ ಹೋಗುವುದಕ್ಕಿಂತ ಊರಿನ ನಾಲ್ಕಾರು ಬೆಳೆಗಾರರು ಒಟ್ಟಾಗಿ ಹೋಗುವುದು ಮೇಲು.

ಓಡುವ ರೈಲಿನ ಡಬ್ಬಿಗೂ ತನ್ನ ತೂಕದ ಲೆಕ್ಕ ಸಿಗುತ್ತದೆ. ಅಲ್ಲಿ ಕೊಡುವವನೂ ಕೊಳ್ಳುವವನೂ ತಕ್ಕಡಿಯ ಮೇಲೆ ಕಣ್ಣಿಟ್ಟಿರುತ್ತಾರೆ, ಅದಕ್ಕಾಗಿ. ನಿಮ್ಮ ಗಾಡಿ ತಕ್ಕಡಿ ಏರಿದಾಗ ಡ್ರೈವರನಿಗೇ ಬಿಟ್ಟು ಚಹದ ಅಂಗಡಿಗೆ ಹೋಗಬೇಡಿ. ಆ ಎರಡು ನಿಮಿಷ ಪರದೆಯ ಮುಂದೆ ನಿಲ್ಲಿರಿ. ಓದಲು ಬರುವ ಮಗನೋ ಮಗಳೋ ಜೊತೆಗಿದ್ದರೆ ಅಂಕಿಯನ್ನು ಅವರಿಂದಲೇ ಬರೆಯಿಸಿರಿ.