ಉಸಿರಿಗೆ ಕಾವಲು, ಅದೂ ಆಕಾಶದಲ್ಲಿ!

ಪಿಯುಸಿ ರಿಸಲ್ಟ್ ಬಂದ ಮೇಲೆ ನಮ್ಮ ಎದುರುಮನೆಯಲ್ಲಿ ಸಣ್ಣದೊಂದು ಮಹಾಭಾರತವೇ ನಡೆಯಿತು. ಎಂಜಿನಿಯರಿಂಗ್ ಬೇಡವೇ ಬೇಡ ಅಂದ ಮಗಳು ‘ರೆಸ್ಪಿರೇಟರಿ ಥೆರಪಿ ಓದ್ತೀನಿ, ಆಮೇಲೆ ಏರ್ ಆಂಬುಲೆನ್ಸ್‌ನಲ್ಲಿ ಕೆಲಸಕ್ಕೆ ಸೇರ್ತೀನಿ’ ಅಂದುಬಿಟ್ಟಳು. ಅವಳ ಅಮ್ಮ ಸೀದಾ ನಮ್ಮ ಅಡುಗೆಮನೆಗೇ ಬಂದರು. ‘ಅದೇನ್ರೀ ಅದು? ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಗಗನಸಖಿಯೂ ಅಲ್ಲ. ಕೇಳಿದವರಿಗೆ ಏನಂತ ಹೇಳಲಿ?’

ನಿಮ್ಮ ಮನೆಯಲ್ಲೂ ನಾಳೆ ಇದೇ ಪ್ರಶ್ನೆ ಬರಬಹುದು. ಹಾಗಾಗಿ ‘ಆಗಲ್ಲ’ ಅನ್ನುವ ಮೊದಲು ಒಂದಿಷ್ಟು ತಿಳಿದುಕೊಳ್ಳೋಣ, ಏನಂತೀರಿ?

ರೋಗಿಗೆ ತಾನಾಗಿ ಉಸಿರಾಡಲು ಆಗದಿದ್ದಾಗ ವೆಂಟಿಲೇಟರ್ ಹಾಕುತ್ತಾರೆ, ಅದು ಎಲ್ಲರಿಗೂ ಗೊತ್ತು. ಆದರೆ ಆ ಯಂತ್ರ ನಿಮಿಷಕ್ಕೆ ಎಷ್ಟು ಸಲ ಉಸಿರು ಕೊಡಬೇಕು, ಎಷ್ಟು ಒತ್ತಡದಲ್ಲಿ, ಆಮ್ಲಜನಕ ಶೇಕಡಾ ಎಷ್ಟು? ವೈದ್ಯರ ಜೊತೆ ನಿಂತು ಇದನ್ನೆಲ್ಲ ಹೊಂದಿಸುವವರು, ಗಂಟಲ ಕೊಳವೆಯಲ್ಲಿ ಕಟ್ಟಿದ ಕಫ ತೆಗೆಯುವವರು, ಯಂತ್ರದಿಂದ ರೋಗಿಯನ್ನು ಮೆಲ್ಲಮೆಲ್ಲಗೆ ಬಿಡಿಸುವವರು ಈ ಥೆರಪಿಸ್ಟ್‌ಗಳು. ಇದೇ ಕೆಲಸವನ್ನು ವಿಮಾನದಲ್ಲಿ ಮಾಡುವುದು ಇನ್ನೊಂದೇ ಕಥೆ.

ಊಟಿಗೆ ಹೋದಾಗ ನೋಡಿದ್ದೀರಾ? ಬೆಂಗಳೂರಿನಲ್ಲಿ ಕೊಂಡ ಚಿಪ್ಸ್ ಪ್ಯಾಕೆಟ್ ಘಾಟಿ ಹತ್ತುತ್ತಿದ್ದಂತೆ ಬಲೂನಿನ ಹಾಗೆ ಉಬ್ಬಿಬಿಡುತ್ತದೆ. ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆ, ಒಳಗಿನ ಗಾಳಿ ಹಿಗ್ಗುತ್ತದೆ, ಅಷ್ಟೇ. ಊಟಿ ಇರುವುದು ಸುಮಾರು 7,300 ಅಡಿ ಎತ್ತರದಲ್ಲಿ. ವಿಮಾನ 30 ಸಾವಿರ ಅಡಿಯಲ್ಲಿ ಹಾರಿದರೂ ಒಳಗಿನ ಒತ್ತಡವನ್ನು ಸಾಮಾನ್ಯವಾಗಿ ಆರರಿಂದ ಎಂಟು ಸಾವಿರ ಅಡಿಯ ಬೆಟ್ಟದ ಮೇಲಿರುವಷ್ಟಕ್ಕೆ ಇಟ್ಟಿರುತ್ತಾರೆ. ಅಂದರೆ ಐಸಿಯು ರೋಗಿಯನ್ನು ಹಾಸಿಗೆ ಸಮೇತ ಊಟಿ ಹತ್ತಿಸಿದ ಹಾಗೆ ಆಯಿತಲ್ಲ!

ಈಗ ಆ ಚಿಪ್ಸ್ ಪ್ಯಾಕೆಟ್ಟನ್ನು ರೋಗಿಯ ಗಂಟಲಿಗೆ ತನ್ನಿ. ಶ್ವಾಸನಾಳಕ್ಕೆ ಹಾಕಿದ ಕೊಳವೆಯ ತುದಿಯಲ್ಲಿ ಗಾಳಿ ತುಂಬಿದ ಪುಟ್ಟ ಬಲೂನು ಇರುತ್ತದೆ. ಕೊಟ್ಟ ಗಾಳಿ ಪಕ್ಕದಿಂದ ಸೋರದಿರಲಿ ಅಂತ. ವಿಮಾನ ಏರುವಾಗ ಅದು ಉಬ್ಬಿ ಶ್ವಾಸನಾಳದ ಒಳಪದರವನ್ನು ಅದುಮಿದರೆ ಅಲ್ಲಿ ಗಾಯ. ಅದಕ್ಕೇ ಅಳತೆ ಹಿಡಿದು ಏರುವಾಗ ಗಾಳಿ ತೆಗೆಯಬೇಕು, ಇಳಿಯುವಾಗ ಮತ್ತೆ ತುಂಬಬೇಕು. ಎದೆಗೂಡಿನಲ್ಲಿ ಗಾಳಿ ಸೇರಿಕೊಂಡ ರೋಗಿಯಾದರೆ ಇನ್ನೂ ಅಪಾಯ. ಅಂಥವರಿಗೆ ಹಾರುವ ಮೊದಲೇ ಎದೆಗೆ ನಳಿಕೆ ಹಾಕಿ ಆ ಗಾಳಿ ಹೊರಹೋಗಲು ದಾರಿ ಮಾಡಿರಬೇಕು.

ಆಮ್ಲಜನಕದ ಲೆಕ್ಕವೂ ಬದಲಾಗುತ್ತದೆ. ಮಂಗಳೂರಿನಂಥ ಸಮುದ್ರಮಟ್ಟದ ಊರಿನಲ್ಲಿ ಶೇ 40ರಷ್ಟು ಆಮ್ಲಜನಕದಲ್ಲಿ ನೆಮ್ಮದಿಯಾಗಿದ್ದ ರೋಗಿಗೆ ಎಂಟು ಸಾವಿರ ಅಡಿಯ ಒತ್ತಡದಲ್ಲಿ ಸುಮಾರು ಶೇ 55 ಬೇಕಾಗುತ್ತದೆ. ಸಿಲಿಂಡರ್ ಬೇಗ ಖಾಲಿ! ಗ್ಯಾಸ್ ಮುಗಿದರೆ ನಾವು ಪಕ್ಕದ ಮನೆಗೆ ಓಡುತ್ತೇವೆ, ಮೋಡದ ಮೇಲೆ ಪಕ್ಕದ ಮನೆ ಎಲ್ಲಿದೆ? 2021ರ ಕೋವಿಡ್ ದಿನಗಳಲ್ಲಿ ನಾವೆಲ್ಲ ಹೆಸರು ಕಲಿತ ‘ಬಿ ಟೈಪ್’ ಸಿಲಿಂಡರ್‌ನಲ್ಲಿ ಇರುವುದು ಸುಮಾರು 1,500 ಲೀಟರ್. ನಿಮಿಷಕ್ಕೆ 15 ಲೀಟರ್ ಬಿಟ್ಟರೆ 100 ನಿಮಿಷ. ನಿಲ್ದಾಣಕ್ಕೆ ಹೋಗುವ ರಸ್ತೆ, ಹಾರಾಟ, ಇಳಿದ ಮೇಲಿನ ಟ್ರಾಫಿಕ್ಕು, ಹವಾಮಾನ ಕೆಟ್ಟು ಬೇರೆ ಊರಿಗೆ ತಿರುಗಬೇಕಾದರೆ ಅದಕ್ಕೊಂದಿಷ್ಟು... ಎಲ್ಲ ಕೂಡಿಸಿ ಹೊರಡುವ ಮೊದಲೇ ಲೆಕ್ಕ ಹಾಕಿರಬೇಕು. ತಿಂಗಳ ಕೊನೆವರೆಗೂ ದಿನಸಿ ಹೊಂದಿಸುವ ನಮಗೆ ಈ ಲೆಕ್ಕದ ಬಿಸಿ ಚೆನ್ನಾಗಿ ಅರ್ಥವಾಗುತ್ತದೆ ಬಿಡಿ.

ಹೆಲಿಕಾಪ್ಟರ್ ಆದರೆ ಸದ್ದಿನಲ್ಲಿ ಸ್ಟೆತಾಸ್ಕೋಪ್ ಇಟ್ಟರೂ ಏನೂ ಕೇಳಿಸದು. ಎದೆ ಏರಿಳಿಯುವುದನ್ನು ಕಣ್ಣಲ್ಲೇ ನೋಡಬೇಕು, ರೋಗಿ ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ತೋರಿಸುವ ಪರದೆಯ ಗೆರೆಯನ್ನು ನಂಬಬೇಕು.

ಇನ್ನು ಎದುರುಮನೆಯವರ ಪ್ರಶ್ನೆಗಳಿಗೆ ಬರೋಣ.

ಓದು ಎಲ್ಲಿ? ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ಮಣಿಪಾಲದಲ್ಲಿ ಈ ಪದವಿ ಇದೆ, ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳಲ್ಲೂ ಇದೆ. ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ. 2021ರಲ್ಲಿ ಇಂಥ ವೃತ್ತಿಗಳಿಗಾಗಿಯೇ ಕೇಂದ್ರದ ಕಾಯ್ದೆ ಬಂದ ಮೇಲೆ ನಿಯಮಗಳು ಬದಲಾಗುತ್ತಿವೆ. ಆದ್ದರಿಂದ ಪ್ರವೇಶದ ವಿಷಯ ಕಾಲೇಜಿನಲ್ಲೇ ಕೇಳಿ, ಏಜೆಂಟರ ಮಾತು ಬೇಡ.

ಓದು ಮುಗಿಸಿದ ಕೂಡಲೇ ವಿಮಾನ ಹತ್ತಬಹುದಾ? ಇಲ್ಲ. ಇದನ್ನು ಮಗಳಿಗೆ ಈಗಲೇ ಹೇಳಿ. ನಮ್ಮಲ್ಲಿ ಏರ್ ಆಂಬುಲೆನ್ಸ್‌ನಲ್ಲಿ ಹೆಚ್ಚಾಗಿ ಹೋಗುವುದು ವೈದ್ಯರು ಮತ್ತು ನರ್ಸ್ ಅಥವಾ ಪ್ಯಾರಾಮೆಡಿಕ್. ಥೆರಪಿಸ್ಟ್‌ಗೆ ಜಾಗ ಕಡಿಮೆ. ಐಸಿಯುನಲ್ಲಿ ಕೆಲವು ವರ್ಷ ಪಳಗಿದವರಿಗೆ, ಅದರಲ್ಲೂ ಎಳೆ ಕೂಸುಗಳ ವಿಭಾಗ ಕಂಡವರಿಗೆ ಅವಕಾಶ ಜಾಸ್ತಿ. ಅಮೆರಿಕದಲ್ಲಿ ನವಜಾತ ಶಿಶುಗಳನ್ನು ಸಾಗಿಸುವ ತಂಡಗಳಲ್ಲಿ ನರ್ಸ್ ಜೊತೆ ಥೆರಪಿಸ್ಟ್ ಇರುವುದು ಮಾಮೂಲು. ಹಾಗಂತ ಇಲ್ಲಿನ ಡಿಗ್ರಿ ಹಿಡಿದು ಅಲ್ಲಿಗೆ ಹೋಗಿ ಸೇರಲು ಬರುವುದಿಲ್ಲ. ಅಲ್ಲಿನ ಪರೀಕ್ಷೆ, ಆಯಾ ರಾಜ್ಯದ ಲೈಸೆನ್ಸ್ ಎಲ್ಲ ಇದೆ. ಒಡವೆ ಅಡವಿಡುವ ಮೊದಲು ಇದನ್ನು ವಿಚಾರಿಸಿ.

ಅಪಾಯ? ಸುಳ್ಳು ಹೇಳುವುದಿಲ್ಲ. 2011ರ ಮೇನಲ್ಲಿ ಪಟ್ನಾದಿಂದ ದೆಹಲಿಗೆ ರೋಗಿಯನ್ನು ಕರೆತರುತ್ತಿದ್ದ ಪುಟ್ಟ ವಿಮಾನ ಫರೀದಾಬಾದ್‌ನ ಮನೆಗಳ ಮೇಲೆ ಬಿತ್ತು. ವಿಮಾನದಲ್ಲಿದ್ದ ಏಳೂ ಜನ, ಕೆಳಗಿದ್ದ ಮೂವರು ತೀರಿಕೊಂಡರು. ಎದುರುಮನೆಯವರಿಗೆ ಇದನ್ನು ಹೇಳಲೋ ಬೇಡವೋ ಅಂತ ನಾನೂ ಒದ್ದಾಡಿದೆ. ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ‘ರಾತ್ರಿ ಹತ್ತಕ್ಕೆ ಸ್ಕೂಟಿಯಲ್ಲಿ ರಿಂಗ್ ರೋಡಲ್ಲಿ ಬರ್ತಾಳಲ್ಲ, ಆಗಲೂ ನನಗೆ ಹೀಗೇ ಆಗತ್ತೆ’ ಅಂದರು.

ಯಾರೂ ಹೇಳದ ಸಣ್ಣ ಸಂಗತಿಗಳೂ ಇವೆ. ಸ್ಟ್ರೆಚರ್ ಎತ್ತಿ ಸೊಂಟ ನೋವು. ಪುಟ್ಟ ವಿಮಾನದಲ್ಲಿ ಅಡ್ಡ ಕೂತು ಕೆಲಸ ಮಾಡುವಾಗ ವಾಂತಿ ಬಂದಂತಾಗುವುದು. ಟಾಯ್ಲೆಟ್ ಇದ್ದರೂ ಹೆಸರಿಗಷ್ಟೇ, ಮುಟ್ಟಿನ ದಿನಗಳಲ್ಲಿ ಮೊದಲೇ ತಯಾರಾಗಿರಬೇಕು. ಯಾವ ಹೊತ್ತಿಗೂ ಕರೆ ಬರಬಹುದು. ಮದುವೆ ಮಾತು ಬಂದಾಗ ಇದನ್ನೆಲ್ಲ ಮುಚ್ಚಿಡದೆ ಹೇಳಿ. ಗಂಡಿನ ಕಡೆಯವರು ‘ಟೆಕ್ನಿಷಿಯನ್ನಾ?’ ಅಂದರೆ ತಲೆ ತಗ್ಗಿಸಬೇಡಿ.

ಅಂದಹಾಗೆ, ದೇವರು ಹಾಗೆ ಮಾಡದಿರಲಿ, ನಿಮ್ಮ ಮನೆಯವರನ್ನೇ ಏರ್ ಆಂಬುಲೆನ್ಸ್‌ನಲ್ಲಿ ಕರೆದೊಯ್ಯಬೇಕಾಗಿ ಬಂದರೆ ಲಕ್ಷಗಟ್ಟಲೆ ಹಣ ಕಟ್ಟುವ ಮೊದಲು ಬಾಯಿಬಿಟ್ಟು ಕೇಳಿ. ಜೊತೆಗೆ ಹಾರುವವರು ಯಾರು, ವೆಂಟಿಲೇಟರ್ ರೋಗಿಗಳನ್ನು ನೋಡಿಕೊಂಡ ಅನುಭವ ಎಷ್ಟು? ಆಮ್ಲಜನಕ ಎಷ್ಟು ಹೊತ್ತಿಗಿದೆ, ತಡವಾದರೆ ಹೆಚ್ಚುವರಿ ಇದೆಯಾ? ಇಳಿದ ಊರಿನಲ್ಲಿ ಆಂಬುಲೆನ್ಸ್ ಅವರದ್ದೇನಾ? ವಿಮೆ ಕಂಪನಿ ದುಡ್ಡು ಕೊಡುತ್ತದಾ, ಕೊಟ್ಟರೆ ಮೊದಲೇ ಒಪ್ಪಿಗೆ ಬೇಕಾ?

ಎದುರುಮನೆ ಹುಡುಗಿಗೆ ನಾನು ಹೇಳಿದ್ದು ಇಷ್ಟೇ. ಅರ್ಜಿ ತುಂಬುವ ಮೊದಲು ಯಾವುದಾದರೂ ಆಸ್ಪತ್ರೆಯಲ್ಲಿ ಅನುಮತಿ ಕೇಳಿ ಒಂದು ದಿನ ಈ ವಿಭಾಗದಲ್ಲಿ ನಿಂತು ನೋಡು, ಕಫ ತೆಗೆಯುವುದನ್ನು ಹತ್ತಿರದಿಂದ ನೋಡು, ಆಮೇಲೆ ವಿಮಾನದ ಮಾತು. ಅವರ ಅಮ್ಮನೂ ಜೊತೆಗೆ ಹೋಗುತ್ತಾರಂತೆ, ಕಾರಿಡಾರಿನವರೆಗಾದರೂ.